ಚುಕ್ಕಿ ಪಾರ್ಟಿ, ಕಾರು ಪಾರ್ಟಿ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿದ್ದ ಲಕ್ಷ್ಮಯ್ಯನ ಸೈಕಲ್ ಶಾಪಿಗೆ ವಿಡಿಯೋ ಗೇಮಿನ ಮೆಷಿನ್ ಬಂದದ್ದು ಎಂಬತ್ತಾರನೇ ಇಸವಿಯ ಯುಗಾದಿ ಕಳೆದ ಮೇಲೆ. ಬಟ್ಟೆ ಬೀರುವಿನಷ್ಟು ಎತ್ತರದ ಪೆಟ್ಟಿಗೆ. ನಡುವೆ ಟೀವಿಯಂಥ ಗಾಜು, ಕೆಳಗೊಂದು ಹಿಡಿಕೆ, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಬಿಲ್ಲೆ ಹಾಕಲು ಒಂದು ತೂತು. ಇದರಿಂದ ಊರಿನ ಮಕ್ಕಳು ಕೆಟ್ಟುಹೋಗುತ್ತಾರೆಂದು ಹಿರಿಯರೆಲ್ಲ ಒಂದೇ ಮಾತಿಗೆ ಬಂದರು. ಚರಂಡಿ ಯಾವ ಕಡೆಗೆ ಹರಿಯಬೇಕು ಎಂಬುದರಲ್ಲೂ ಒಂದೇ ಮಾತಿಗೆ ಬರದಿದ್ದ ಹಿರಿಯರು ಅವರು. ಆದರೆ ಮಕ್ಕಳು ಕೆಡುವುದಕ್ಕೆ ಇನ್ನೂ ಪುರುಸೊತ್ತು ಹುಡುಕುತ್ತಿರುವಾಗಲೇ ಇಬ್ಬರು ದೊಡ್ಡವರು ಕೆಟ್ಟು ಕೂತಿದ್ದರು. ಒಬ್ಬ ಕಂಡಕ್ಟರ್ ರೇಣುಕಯ್ಯ, ಇನ್ನೊಬ್ಬ ಡ್ರೈವರ್ ಯತ್ತಪ್ಪ.

ಇಬ್ಬರೂ ಒಂದೇ ಬಸ್ಸಿನವರು. 'ಶ್ರೀ ನಾಗಲಿಂಗೇಶ್ವರ ಮೋಟಾರ್ ಸರ್ವೀಸ್' ಎಂದು ಹಣೆಯ ಮೇಲೆ ಬರೆಸಿಕೊಂಡಿದ್ದ ಆ ಬಸ್ಸು ಬೆಳಿಗ್ಗೆ ಆರಕ್ಕೆ ಪಾವಗಡ ಬಿಟ್ಟು ಮಧುಗಿರಿಗೆ ಬಂದು, ಕೊರಟಗೆರೆಗೆ ಹೋಗಿ, ಮತ್ತೆ ಮಧುಗಿರಿಗೇ ತಿರುಗಿ, ಬಡವನಹಳ್ಳಿ ಮೇಲೆ ಸಿರಾ ಸೇರಿ, ಸಂಜೆಯ ಹೊತ್ತಿಗೆ ಪಾವಗಡಕ್ಕೆ ಮರಳುತ್ತಿತ್ತು. ದಾರಿಯಲ್ಲಿ ಏನೂ ಕಳಚಿ ಬೀಳದಿದ್ದರೆ ಎಂದು ಸೇರಿಸಿಕೊಳ್ಳಬೇಕು.

ರೇಣುಕಯ್ಯ ಪಾವಗಡದವನು. ಮೂವತ್ತೆಂಟು ವರ್ಷ, ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಸದಾ ವಿಸಲ್. ಟಿಕೆಟ್ ಇಲ್ಲದೆ ಅವನ ಬಸ್ಸಿನಲ್ಲಿ ನೊಣವೂ ಕೂರುವಂತಿರಲಿಲ್ಲ. ಯತ್ತಪ್ಪ ಕಳ್ಳಂಬೆಳ್ಳದ ಕಡೆಯ ಕುರಿ ಕಾಯುವ ಮನೆತನದವನು. ಅಪ್ಪ ಕುರಿ ಅಟ್ಟಿದ, ಮಗ ಬಸ್ಸು ಅಟ್ಟುತ್ತಿದ್ದ. ಏಳು ವರ್ಷದಿಂದ ಒಂದೇ ಬಸ್ಸಿನಲ್ಲಿದ್ದರೂ ಇಬ್ಬರ ನಡುವೆ ನಡೆದಿದ್ದ ಮಾತುಕತೆ ಎರಡೇ ಶಬ್ದ. ಒಂದು ವಿಸಲ್ ಎಂದರೆ ನಿಲ್ಲಿಸು, ಎರಡು ವಿಸಲ್ ಎಂದರೆ ಹೊರಡು. ಎಷ್ಟೋ ಸಂಸಾರಗಳು ಇದಕ್ಕಿಂತ ಕಡಿಮೆ ಮಾತಿನಲ್ಲಿ ನಡೆಯುತ್ತವೆ.

ಲಕ್ಷ್ಮಯ್ಯನ ಮೆಷಿನ್ ಅವರನ್ನು ಸ್ನೇಹಿತರನ್ನಾಗಿ ಮಾಡಿತು. ಅದರೊಳಗೆ ಓಣಿಗಳ ಒಂದು ದೊಡ್ಡ ಜಾಲ. ಓಣಿಯುದ್ದಕ್ಕೂ ಬಿಳಿ ಚುಕ್ಕಿಗಳು. ಹಸಿರು ಬಣ್ಣದ ಒಂದು ಬಾಯಿ ಆ ಚುಕ್ಕಿಗಳನ್ನೆಲ್ಲ ನುಂಗುತ್ತಾ ಹೋಗಬೇಕು, ನಾಲ್ಕು ಕೆಂಪು ಏಡಿಗಳು ಅಟ್ಟಿಸಿಕೊಂಡು ಬರುತ್ತವೆ, ಸಿಕ್ಕಿದರೆ ಮುಗಿಯಿತು. ಇಷ್ಟೇ ಆಟ. ಮಧುಗಿರಿಯ ಇಪ್ಪತ್ತು ನಿಮಿಷದ ಹಾಲ್ಟಿನಲ್ಲಿ ರೇಣುಕಯ್ಯ ಹಿಡಿಕೆ ಹಿಡಿದರೆ ಯತ್ತಪ್ಪ ಹಿಂದೆ ನಿಂತು, "ಎಡಕ್ಕೆ ತಿರುಗ್ಸಲಾ! ಏಡಿ ಬಂತು, ಏಡಿ!" ಎಂದು ಕೂಗುತ್ತಿದ್ದ. ಯತ್ತಪ್ಪನ ಸರದಿ ಬಂದಾಗ ರೇಣುಕಯ್ಯ, "ಮೂಲೇಲಿ ಒಂದು ಬಿಟ್ಟೆ ನೋಡಯ್ಯ, ಮೂಲೇಲಿ!" ಎಂದು ಸಂಕಟಪಡುತ್ತಿದ್ದ. ಸುತ್ತ ನಿಂತ ಸ್ಕೂಲು ಮಕ್ಕಳು ನಗುತ್ತಿದ್ದರು. ಮೀಸೆ ಬಂದವರು ಮರ್ಯಾದೆಯಿಂದ ಆಡಬಹುದಾದ ಆಟಗಳು ಲೋಕದಲ್ಲಿ ಎರಡೇ, ಇಸ್ಪೀಟು ಮತ್ತು ರಾಜಕೀಯ. ಈ ಇಬ್ಬರು ಎರಡನ್ನೂ ಬಿಟ್ಟು ಪೆಟ್ಟಿಗೆಯ ಮುಂದೆ ಕುಣಿಯುವುದು ಊರಿಗೆ ವಿಚಿತ್ರವಾಗಿ ಕಂಡಿತು. ಊರು ನಕ್ಕಷ್ಟೂ ಇವರು ಹತ್ತಿರವಾದರು. ಕೊರಟಗೆರೆ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗಲೂ ಟೇಬಲ್ಲಿನ ಮೇಲೆ ನೀರಲ್ಲಿ ಬೆರಳದ್ದಿ ಓಣಿಗಳನ್ನು ಬರೆದು, ಯಾವ ಮೂಲೆಯಿಂದ ನುಗ್ಗಿದರೆ ಏಡಿ ತಪ್ಪುತ್ತದೆ ಎಂದು ಚರ್ಚಿಸುವರು.

ಮನೆಯಲ್ಲಿ ರೇಣುಕಯ್ಯ ಈ ಚರ್ಚೆಯನ್ನು ಹೆಂಡತಿ ದಾಕ್ಷಾಯಣಮ್ಮನ ಮುಂದೆ ಒಮ್ಮೆ ತೆರೆದಿಟ್ಟ. ಆಕೆ ಪೂರ್ತಿ ಕೇಳಿಸಿಕೊಂಡು ಮೊರ ತಂದು ಮುಂದಿಟ್ಟಳು.

"ಚುಕ್ಕಿ ಆರ್ಸೋದ್ರಲ್ಲಿ ಇಷ್ಟು ಇಷ್ಟ ಇದ್ರೆ ಈ ಅಕ್ಕೀಲಿ ಕಲ್ಲಾರ್ಸ್ರಿ. ಏಡಿ ಬಂದ್ರೆ ನಾನ್ ನೋಡ್ಕೋತೀನಿ."

ಅಂದಿನಿಂದ ರೇಣುಕಯ್ಯ ಆ ವಿಷಯವನ್ನು ಅರ್ಥವಾಗುವವರ ಹತ್ತಿರ ಮಾತ್ರ ಮಾತಾಡುವುದೆಂದು ನಿಶ್ಚಯಿಸಿದ. ಅರ್ಥವಾಗುವವನು ನಾಲ್ಕು ತಾಲ್ಲೂಕಿಗೆ ಒಬ್ಬನೇ ಇದ್ದ.

ಆರೇಳು ತಿಂಗಳು ಹೀಗೇ ಸುಖವಾಗಿ ಕಳೆಯಿತು. ದೀಪಾವಳಿ ಹೊತ್ತಿಗೆ ಸಿರಾ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಬುಡನ್ ಸಾಬರು ಬೆಂಗಳೂರಿನಿಂದ ಇನ್ನೊಂದು ಮೆಷಿನ್ ತಂದಿಳಿಸಿದರು. ಇದಕ್ಕೆ ಹಿಡಿಕೆಯಿರಲಿಲ್ಲ, ಕೂರಲು ಸೀಟು, ಮುಂದೆ ಸ್ಟೇರಿಂಗು, ಕಾಲಡಿ ಪೆಡಲು. ಗಾಜಿನೊಳಗೆ ಒಂದು ರಸ್ತೆ ಎದುರಿಗೇ ಬಿಚ್ಚಿಕೊಳ್ಳುತ್ತಾ ಬರುತ್ತಿತ್ತು. ಅದರ ಮೇಲೆ ಕಾರು ಓಡಿಸಬೇಕು.

"ಆವೋ ಭಾಯಿ, ಡ್ರೈವರ್ ಸಾಬ್! ನಿಮಗೇ ಅಂತ ತಂದಿದ್ದು. ಅಸಲಿ ಮಾಲು. ಒಂದು ದಫಾ ಕೂತ್ ನೋಡಿ," ಎಂದರು ಸಾಬರು.

ಯತ್ತಪ್ಪ ಕೂತ. ಕೂತವನು ಒಂದು ಬಿಲ್ಲೆ ಮುಗಿಯುವವರೆಗೂ ಉಸಿರೆತ್ತಲಿಲ್ಲ. ಕೂಗಲಿಲ್ಲ, ನಗಲಿಲ್ಲ, ಹಿಂದೆ ನಿಂತ ರೇಣುಕಯ್ಯನ ಕಡೆ ತಿರುಗಲೂ ಇಲ್ಲ. ಅವನ ಮುಖದ ಮೇಲೆ ರೇಣುಕಯ್ಯ ಇದುವರೆಗೆ ಕಾಣದಿದ್ದ ಒಂದು ಶಾಂತಿ ಇಳಿದಿತ್ತು. ಮಠದ ಸ್ವಾಮಿಗಳು ಪೂಜೆಗೆ ಕೂತಾಗ ಕಾಣುವಂಥದ್ದು. ಆಮೇಲೆ ರೇಣುಕಯ್ಯನೂ ಕೂತ. ಅರ್ಧ ನಿಮಿಷದಲ್ಲಿ ಕಾರನ್ನು ಮರಕ್ಕೆ ಗುದ್ದಿಸಿ ಎದ್ದ.

"ಇದೇನ್ ಆಟ ಯತ್ತಪ್ಪ? ಬೆಳಿಗ್ಗೆ ಆರಕ್ಕೆ ಹಿಡಿದ ಸ್ಟೇರಿಂಗು ಸಂಜೆ ಆರಕ್ಕೆ ಬಿಡ್ತೀಯ. ಮಧ್ಯದಲ್ಲಿ ರೆಸ್ಟು ಅಂತ ಸಿಕ್ರೆ ಮತ್ತೆ ಸ್ಟೇರಿಂಗಾ?"

"ಅಲ್ಲ ಕಣಯ್ಯ, ಇದ್ರಾಗೆ ಗುಂಡಿ ಇಲ್ಲ. ಎಮ್ಮೆ ಅಡ್ಡ ಬರಲ್ಲ. ಹತ್ತೋರಿಲ್ಲ, ಇಳಿಯೋರಿಲ್ಲ." ಯತ್ತಪ್ಪ ಇನ್ನೂ ಗಾಜನ್ನೇ ನೋಡುತ್ತಿದ್ದ. "ನಿನ್ನ ವಿಸಲ್ ಒಂದಿಲ್ಲ ನೋಡು, ಆಹಾ, ಅದೇ ಸ್ವರ್ಗ ಕಣ್ಲಾ."

ಅವನು ತಮಾಷೆಗೆ ಅಂದನೋ ಏನೋ. ರೇಣುಕಯ್ಯನಿಗೆ ಅದು ನೇರ ಎದೆಗೆ ನಾಟಿತು. ಏಳು ವರ್ಷ! ಪ್ರತಿ ತಿರುವಿನಲ್ಲಿ, ಪ್ರತಿ ಹಳ್ಳಿಯ ಕಟ್ಟೆಯ ಮುಂದೆ ಶ್ವಾಸಕೋಶ ಖಾಲಿ ಮಾಡಿ ಊದಿದ್ದೆಲ್ಲ ಈ ಮನುಷ್ಯನಿಗೆ ನರಕವಾಗಿತ್ತೇ? ಅಂದು ಸಿರಾದಿಂದ ಪಾವಗಡದವರೆಗೆ ಅವನು ಬೇಕೆಂದೇ ಪುಸಪುಸನೆ ಊದಿದ. ಎರಡು ಕಡೆ ಬಸ್ಸು ನಿಲ್ಲಲೇ ಇಲ್ಲ. ಇಳಿಯಬೇಕಾದವರು ಅರ್ಧ ಫರ್ಲಾಂಗು ಹಿಂದಕ್ಕೆ ನಡೆದರು.

ಮರುದಿನ ಮಧುಗಿರಿಯಲ್ಲಿ ಯತ್ತಪ್ಪ ಬಸ್ಸಿನಿಂದ ಇಳಿಯಲಿಲ್ಲ. "ನೀ ಹೋಗಿ ಆಡ್ಕಂಡ್ ಬಾ. ನಂಗ್ಯಾಕೋ ಆ ಚುಕ್ಕಿ ತಿನ್ನೋದು ಬ್ಯಾಸರ ಆಗೈತೆ," ಎಂದ. ರೇಣುಕಯ್ಯ ಒಬ್ಬನೇ ಹೋಗಿ ಆಡಿದ. ಹಿಂದೆ ಕೂಗುವವರಿಲ್ಲದೆ ಮೂರೇ ನಿಮಿಷಕ್ಕೆ ಏಡಿ ಹಿಡಿಯಿತು.

ಅಲ್ಲಿಂದ ಮಾತು ಬೆಳೆಯಿತು. ಮೊದಮೊದಲು ವಾದ ಆಟದ ಬಗ್ಗೆಯೇ ಇತ್ತು. ಕಾರಿನ ಆಟದಲ್ಲಿ ತಲೆ ಬೇಕಿಲ್ಲ, ಕಾಲಿದ್ದರೆ ಸಾಕು ಎಂದು ರೇಣುಕಯ್ಯ. ಚುಕ್ಕಿ ಆಟದಲ್ಲಿ ಅದೂ ಬೇಕಿಲ್ಲ, ಹೊಟ್ಟೆ ಇದ್ದರೆ ಸಾಕು ಎಂದು ಯತ್ತಪ್ಪ. ಒಂದು ದಿನ ಬಡವನಹಳ್ಳಿ ದಾಟಿದ ಮೇಲೆ ಯತ್ತಪ್ಪ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ:

"ನಿಂದ್ಯಾವ ದೊಡ್ಡ ಆಟಾನಯ್ಯ? ಅದೂ ಕಂಡಕ್ಟರ್ ಕೆಲಸಾನೇ ಅಲ್ವಾ? ಒಂದೂ ಬುಡದಂಗೆ ಆಯ್ಕಂಡ್ ಹೋಗೋದು, ಚೆಕಿಂಗ್‌ನೋರು ಬಂದ್ರೆ ಮೂಲೆಗ್ ಓಡೋದು!"

ಬಸ್ಸೆಲ್ಲ ಗೊಳ್ಳೆಂದಿತು. ರೇಣುಕಯ್ಯನ ವಿಭೂತಿಯ ಕೆಳಗೆ ಹಣೆ ಕೆಂಪಾಯಿತು. ತಾನು ಚೆಕಿಂಗ್ ಕಂಡು ಎಂದೂ ಓಡಿದವನಲ್ಲ ಎಂದು ಅವನು ಸಾಬೀತು ಮಾಡಹೊರಟಷ್ಟೂ ನಗು ಜೋರಾಯಿತು. ಯತ್ತಪ್ಪ ಹೇಳಿದ್ದು ನಿಜವೇ ಇರಬಹುದೆಂಬ ಅನುಮಾನ ಬಂದದ್ದರಿಂದ ಅವನಿಗೆ ಇನ್ನಷ್ಟು ಸಿಟ್ಟು ಬಂತು. ದಿನವಿಡೀ ಮಾಡಿದ ಕೆಲಸವನ್ನೇ ಬಿಡುವಿನಲ್ಲಿ ಮತ್ತೆ ಮಾಡುವುದು ಇಬ್ಬರಿಗೂ ಸುಖವಾಗಿತ್ತು. ಇನ್ನೊಬ್ಬನು ಹಾಗೆ ಮಾಡುವುದು ಮಾತ್ರ ಇಬ್ಬರಿಗೂ ಹುಚ್ಚಾಗಿ ಕಾಣುತ್ತಿತ್ತು.

ಎರಡೂ ಪಕ್ಷಕ್ಕೆ ಹೆಸರಿಟ್ಟವಳು ಜುಂಜಮ್ಮ. ಬಡವನಹಳ್ಳಿಯ ಹತ್ತಿರದ ಹಟ್ಟಿಯವಳು. ಐವತ್ತು ದಾಟಿದ ಗಟ್ಟಿ ಹೆಂಗಸು. ವಾರಕ್ಕೆ ಮೂರು ದಿನ ಮಧುಗಿರಿಗೆ ಬೆಣ್ಣೆ ತಂದು ಮಾರಿ ಇದೇ ಬಸ್ಸಿನಲ್ಲಿ ಹಿಂತಿರುಗುತ್ತಿದ್ದಳು. ಒಂದು ದಿನ ಬಸ್ಸು ಮಧುಗಿರಿಯಲ್ಲಿ ಇಪ್ಪತ್ತರ ಬದಲು ನಲವತ್ತು ನಿಮಿಷ ನಿಂತಾಗ, "ಯಾಕಿನ್ನೂ ಹೊಂಟಿಲ್ಲ?" ಎಂದು ಯಾರೋ ಕೇಳಿದರು.

"ಚುಕ್ಕಿ ಪಾರ್ಟಿಯೋರು ಇನ್ನೂ ಉಣ್ತಾವ್ರೆ," ಎಂದಳು ಜುಂಜಮ್ಮ. "ಇವತ್ ಇವ್ರು ಇಲ್ಲಿ ಇಪ್ಪತ್ ನಿಮಿಷ ಜಾಸ್ತಿ ನುಂಗಿದ್ರೆ, ಅಲ್ ಸಿರಾದಾಗೆ ಕಾರು ಪಾರ್ಟಿಯೋರು ನಲವತ್ ನಿಮಿಷ ಜಾಸ್ತಿ ಓಡುಸ್ತಾರೆ. ನಾವ್ ಹಿಟ್ಟು ಗಂಟು ಕಟ್ಕಂಡ್ ಬರೋದು ವಾಸಿ ಕಣಮ್ಮ."

ಹೆಸರು ಅಂಟಿಕೊಂಡಿತು. ದಿನದ ಪ್ರಯಾಣಿಕರು ನೋಡನೋಡುತ್ತಲೇ ಎರಡು ಭಾಗವಾದರು. ಮಧುಗಿರಿಯಲ್ಲಿ ಸಂತೆ ಕೆಲಸ ಇದ್ದವರೆಲ್ಲ ಚುಕ್ಕಿ ಪಾರ್ಟಿ, ಸಿರಾದಲ್ಲಿ ಕೆಲಸ ಇದ್ದವರೆಲ್ಲ ಕಾರು ಪಾರ್ಟಿ. ಇವರಲ್ಲಿ ಮುಕ್ಕಾಲು ಜನ ಎರಡು ಆಟಗಳನ್ನೂ ಕಣ್ಣಲ್ಲಿ ಕಂಡವರಲ್ಲ. ಪಾರ್ಟಿ ಸೇರಲು ವಿಷಯ ಗೊತ್ತಿರಬೇಕೆಂಬ ನಿಯಮ ನಮ್ಮ ಕಡೆ ಎಂದೂ ಇರಲಿಲ್ಲ. ಒಬ್ಬ ರಿಟೈರ್ಡ್ ಮೇಷ್ಟರು ಚುಕ್ಕಿ ಆಟ ಸಾತ್ವಿಕವೆಂದೂ ಕಾರಿನ ಆಟ ರಾಜಸವೆಂದೂ ಕೊರಟಗೆರೆಯ ತನಕ ಉಪನ್ಯಾಸ ಕೊಟ್ಟರು. ಸಮಯ ಸಿಕ್ಕರೆ ಏಡಿಯನ್ನೂ ನುಂಗುವ ಆಟ ಸಾತ್ವಿಕ ಹೇಗಾದೀತು ಎಂದು ಹಿಂದಿನ ಸೀಟಿನವರು ಕೇಳಿದ್ದಕ್ಕೆ ಕೊಡೆ ಎತ್ತಿಕೊಂಡು ಮುಂದಿನ ಸೀಟಿಗೆ ಹೋಗಿ ಕೂತರು.

ರೇಣುಕಯ್ಯ ಮತ್ತು ಯತ್ತಪ್ಪ ಈಗ ಮತ್ತೆ ಎರಡೇ ಶಬ್ದಕ್ಕೆ ಇಳಿದಿದ್ದರು. ಹಿಂದೆ ಆ ಎರಡು ಶಬ್ದಗಳಲ್ಲಿ ದ್ವೇಷ ಇರಲಿಲ್ಲ, ಈಗ ಇತ್ತು.

ಎಂಬತ್ತೇಳರ ಬೇಸಿಗೆಯ ಒಂದು ಗುರುವಾರ. ಬಸ್ಸು ಕೊರಟಗೆರೆಯಿಂದ ತಿರುಗಿ ಬಂದು ಮಧುಗಿರಿಯಲ್ಲಿ ನಿಂತಿತ್ತು. ರೇಣುಕಯ್ಯ ಲಕ್ಷ್ಮಯ್ಯನ ಅಂಗಡಿಯಲ್ಲಿ ಹಿಡಿಕೆ ಹಿಡಿದಿದ್ದ. ಅಂದು ಅವನ ಕೈಗೆ ಏನೋ ಬಂದಿತ್ತು. ಒಂದು ಜಾಲ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು, ಹತ್ತನೆಯದು, ಹನ್ನೊಂದನೆಯದು. ಅಲ್ಲಿಯವರೆಗೆ ಅವನೂ ನೋಡಿರದ ನೀಲಿ ಬಣ್ಣದ ಓಣಿಗಳು ತೆರೆದುಕೊಂಡವು. ಲಕ್ಷ್ಮಯ್ಯ ಪಂಕ್ಚರ್ ಬಿಟ್ಟು ಎದ್ದು ಬಂದು ನಿಂತ. ಮೊದಲ ಹಾರನ್ ಕೇಳಿಸಿತು. ಎರಡನೆಯದು ಕೇಳಿಸಿತು. ಮೂರನೆಯದು ಉದ್ದಕ್ಕೆ, ಎಮ್ಮೆ ಓಡಿಸುವಾಗ ಹೊಡೆಯುವಂಥದ್ದು.

"ರೇಣುಕಯ್ಯೋರೇ, ಬಸ್ಸು," ಎಂದ ಲಕ್ಷ್ಮಯ್ಯ.

"ನಾನಿಲ್ದೆ ಹೆಂಗೆ ಹೋಗ್ತದೆ? ವಿಸಲ್ ನನ್ ಬಾಯಲ್ಲೇ ಐತೆ," ಎಂದ ರೇಣುಕಯ್ಯ, ಕಣ್ಣು ಕದಲಿಸದೆ.

ಬಸ್ಸು ಹೋಯಿತು.

ಹನ್ನೆರಡನೆಯ ಜಾಲದಲ್ಲಿ ಎರಡೇ ಚುಕ್ಕಿ ಉಳಿದಿರುವಾಗ ಕರೆಂಟೂ ಹೋಯಿತು. ಎರಡರಲ್ಲಿ ಯಾವುದು ತನಗೆ ಹೆಚ್ಚು ನೋವು ಕೊಟ್ಟಿತೆಂದು ರೇಣುಕಯ್ಯ ಮುಂದೆ ಯಾರಿಗೂ ಹೇಳಲಿಲ್ಲ. ಖಾಲಿಯಾಗಿದ್ದ ಸ್ಟ್ಯಾಂಡಿಗೆ ಓಡಿ ಬಂದು ನಿಂತ. ಟಿಕೆಟ್ಟಿನ ಬ್ಯಾಗು ಅವನ ಬಗಲಲ್ಲಿತ್ತು, ಟಿಕೆಟ್ ಕೊಂಡವರು ಅವನಿಲ್ಲದೆ ಹೋಗಿದ್ದರು. ನೋಡುತ್ತಿದ್ದ ಹೂವಿನವಳು ಕೂಡ ಕನಿಕರದಿಂದ, "ಕಂಡಕ್ಟ್ರನ್ನ ಬಿಟ್ಟು ಹೋದ ಬಸ್ಸು ಇದೇ ಮೊದ್ಲು ಕಂಡಿದ್ದು," ಎಂದಳು.

ಹುಣಸೆಹಣ್ಣಿನ ಮೂಟೆ ಹೊತ್ತ ಲಾರಿಯೊಂದು ಸಿರಾ ಕಡೆ ಹೊರಟಿತ್ತು. ಅದರ ಹಿಂದೆ ಮೂಟೆಗಳ ಮೇಲೆ ಹತ್ತಿ ಕೂತ. ಬಡವನಹಳ್ಳಿಯವರೆಗೆ ದಾರಿಯುದ್ದಕ್ಕೂ ಅವನ ಅವಮಾನ ರಸ್ತೆ ಬದಿಯಲ್ಲಿ ನಿಂತು ಕಾಯುತ್ತಿತ್ತು. ಪ್ರತಿ ಹಳ್ಳಿಯ ಕಟ್ಟೆಯಲ್ಲೂ ಜನ ಎದ್ದು ನಿಂತು ಕೈ ತೋರಿಸಿ ಕೂಗುತ್ತಿದ್ದರು: "ನಿಮ್ ಬಸ್ಸು ನಿಲ್ಲಿಸ್ಲೇ ಇಲ್ಲ ಕಣಯ್ಯ! ಬಾಣ ಹೋದಂಗ್ ಹೋಯ್ತು!" ಬಡವನಹಳ್ಳಿಯಲ್ಲಂತೂ ಮೂವತ್ತು ಜನ ಗಂಟುಮೂಟೆ ಸಮೇತ ಬಿಸಿಲಲ್ಲಿ ನಿಂತಿದ್ದರು. ರೇಣುಕಯ್ಯ ಹುಣಸೆ ಮೂಟೆಗಳ ನಡುವೆ ತಲೆ ತಗ್ಗಿಸಿದ.

ಸಿರಾ ತಲುಪಿದಾಗ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು. ಬಾಗಿಲ ಮೆಟ್ಟಿಲ ಮೇಲೆ ಜುಂಜಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬಂದ್ಯೇನಪ್ಪ? ಊಟ ಆಯ್ತಾ? ಎಷ್ಟ್ ಚುಕ್ಕಿ ತಿಂದೆ?"

"ಜುಂಜಮ್ಮ, ನೀನು ಬಡವನಹಳ್ಳೀಲಿ ಇಳೀಬೇಕಿತ್ತಲ್ಲ..."

"ಇಳೀಬೇಕಿತ್ತು! ನಿನ್ ಡ್ರೈವರ್ ಇಳುಸ್ಬೇಕಲ್ಲ? ಕೂಗ್ದೆ, ಬಡ್ದೆ, ಬಸ್ಸಾಗಿದ್ದೋರೆಲ್ಲ ಬಾಯ್ ಬಡ್ಕಂಡ್ರು. ಅವ್ನು ಮುಂದಕ್ ನೋಡ್ಕಂಡು ನಗ್ತಾ ಕುಂತವ್ನೆ, ದೆವ್ವ ಮೆಟ್ಕಂಡಂಗೆ. ಕೊನೀಕೆ ಈ ಎರಡು ಬೆರಳು ಬಾಯಿಗಿಟ್ಟು, ನಮ್ ಮೇಕೆಗಳ್ನ ಕರೆಯೋ ಥರ ಸಿಳ್ಳೆ ಹಾಕ್ದೆ ನೋಡು. ಗಕ್ಕನೆ ನಿಂತ್ಕಂತು ಬಸ್ಸು! ಅಷ್ಟೊತ್ತಿಗೆ ಊರು ದಾಟಿ ಎರಡು ಮೈಲಿ ಆಗಿತ್ತು. ಅಲ್ಲಿಂದ ಇಲ್ಲೀಗಂಟ ಎಲ್ರನ್ನೂ ನಾನೇ ಇಳ್ಸಿ ಹತ್ತಿಸ್ಕಂಡ್ ಬಂದೆ. ನಿಂಗೆ ಉಗಿದು ಹೋಗ್ಬೇಕು ಅಂತ ಕಾಯ್ತಿದ್ದೆ."

ಅವಳು ಹೇಳಿದಂತೆಯೇ ಮಾಡಿ, ಬೆಣ್ಣೆ ಪಾತ್ರೆ ಎತ್ತಿಕೊಂಡು ಬಡವನಹಳ್ಳಿ ಕಡೆಯ ಬೇರೆ ಬಸ್ಸು ಹಿಡಿಯಲು ಹೋದಳು.

ಯತ್ತಪ್ಪ ಎಲ್ಲಿರುವನೆಂದು ಹುಡುಕಬೇಕಾಗಿರಲಿಲ್ಲ. ಬುಡನ್ ಸಾಬರ ಅಂಗಡಿಯ ಸೀಟಿನಲ್ಲಿ ಸುಮ್ಮನೆ ಕೂತಿದ್ದ, ಆಡುತ್ತಿರಲಿಲ್ಲ. ಗಾಜಿನೊಳಗೆ ರಸ್ತೆ ತನ್ನ ಪಾಡಿಗೆ ತಾನು ಬಿಚ್ಚಿಕೊಳ್ಳುತ್ತಿತ್ತು.

"ನನ್ನ ಬಿಟ್ಟು ಹೆಂಗಯ್ಯ ಬಂದೆ?" ಎಂದ ರೇಣುಕಯ್ಯ.

"ಮೂರ್ ಸಲ ಹಾರನ್ ಹೊಡ್ದೆ."

"ಸ್ಟಾಪಲ್ಲಿ ನಿಲ್ಲಿಸ್ಲಿಲ್ಲ ಯಾಕೆ?"

"ಒಂದು ವಿಸಲ್ ಆದ್ರೆ ನಿಲ್ಸೋದು. ಆಗ್ಲಿಲ್ಲ, ನಿಲ್ಸ್ಲಿಲ್ಲ. ರೂಲ್ಸ್ ನಿಂದೇ ಅಲ್ವಾ?"

ಹೀಗೆ ಅಂದು ಸ್ಟೇರಿಂಗಿನ ಮೇಲೆ ಕೈಯಾಡಿಸಿದ. ಆಮೇಲೆ ದನಿ ತಗ್ಗಿಸಿ, "ಹನ್ನೆರಡ್ ಮೈಲಿ ಕಣ್ಲಾ ರೇಣುಕ. ಒಂದ್ ಕಡೆ ನಿಲ್ಲಿಸದಂಗೆ. ಹತ್ತೊಂಬತ್ ವರ್ಸದ ಸರ್ವೀಸ್ನಾಗೆ ಇದೇ ಮೊದ್ಲು," ಎಂದ. ಮಾಡಿದ ತಪ್ಪು ಅವನಿಗೆ ಗೊತ್ತಿತ್ತು. ತಪ್ಪು ಎಷ್ಟು ರುಚಿಯಾಗಿತ್ತೆಂಬುದೂ ಮುಖದ ಮೇಲಿತ್ತು. ರೇಣುಕಯ್ಯನಿಗೆ ಅದು ಅರ್ಥವಾಯಿತು. ಹನ್ನೆರಡನೆಯ ಜಾಲದ ನೀಲಿ ಓಣಿಗಳನ್ನು ನೋಡಿಬಂದವನಿಗೆ ಅರ್ಥವಾಗದೇ ಇರುವುದಾದರೂ ಹೇಗೆ? ಆದರೆ ಅರ್ಥವಾಯಿತು ಎಂದು ಒಪ್ಪಿಕೊಂಡರೆ ಚುಕ್ಕಿ ಪಾರ್ಟಿಯ ಗತಿಯೇನು? "ಮಾಲೀಕ್ರಿಗೆ ಹೇಳ್ತೀನಿ," ಎಂದ.

ಹೇಳುವುದಕ್ಕೆ ಇವನು ಪಾವಗಡ ಮುಟ್ಟುವ ತನಕ ಸುದ್ದಿ ಕಾಯಲಿಲ್ಲ. ಬಸ್ಸಿನ ಮಾಲೀಕ ಪರ್ವತಯ್ಯನವರು ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಾವಗಡದಲ್ಲಿ ಹುಟ್ಟಿ ಬೆಳೆದವರು. ಸಿಟ್ಟು ಬಂದರೆ ಅರ್ಧ ಮಾತು ತೆಲುಗಿಗೆ ಜಾರುತ್ತಿತ್ತು.

"ಏಮಯ್ಯಾ, ಇದು ಬಸ್ಸಾ, ಸರ್ಕಸ್ಸಾ? ಡ್ರೈವರ್ ಒಂದು ಊರು, ಕಂಡಕ್ಟರ್ ಒಂದು ಊರು! ಮುಂದಿನ ಸಲ ಬಸ್ಸನ್ನೂ ಒಂದು ಕಡೆ ಬಿಟ್ಬಿಡಿ, ಮೂರೂ ಸರಿಹೋಗ್ತದೆ."

ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಪರ್ವತಯ್ಯನವರು ಕಾಲು ಗಂಟೆ ಚುಕ್ಕಿಯ ಮಹಿಮೆ ಕೇಳಿದರು, ಕಾಲು ಗಂಟೆ ಕಾರಿನ ಮಹಿಮೆ ಕೇಳಿದರು. ಬಸ್ಸನ್ನು ಯಾಕೆ ಬಿಟ್ಟದ್ದು, ಜನರನ್ನು ಯಾಕೆ ಇಳಿಸದೇ ಇದ್ದದ್ದು ಎಂಬುದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

"ಚಾಲು ಸಾಮಿ, ಚಾಲು, ಸಾಕು ಮಾಡಿ," ಎಂದು ಅವರು ಕೈ ಮುಗಿದರು. "ಇದು ಮಾವ ಅಳಿಯನ ಜಗಳ ಆಗಿದ್ರೆ ಬಗೆಹರಿಸ್ತಿದ್ದೆ. ನಾಳೆಯಿಂದ ಯತ್ತಪ್ಪ ಈ ಬಸ್ಸಲ್ಲೇ ಇರ್ಲಿ. ರೇಣುಕಯ್ಯ ನೀನು ಎರಡನೇ ಬಸ್ಸಿಗೆ ಹೋಗು, ಕದಿರಯ್ಯನ ಜತೆ."

ಎರಡನೆಯ ಬಸ್ಸು ತಡವಾಗಿ ಹೊರಟು ಇದೇ ದಾರಿಯನ್ನು ತಿರುಗಾಮುರುಗಾ ಸುತ್ತುತ್ತಿತ್ತು: ಮೊದಲು ಸಿರಾ, ಆಮೇಲೆ ಮಧುಗಿರಿ. ಅದರ ಡ್ರೈವರ್ ಕದಿರಯ್ಯ ವೈ.ಎನ್.ಹೊಸಕೋಟೆಯವನು, ಮೃದು ಮಾತಿನವನು. ಮೊದಲ ದಿನವೇ ಮಧುಗಿರಿಯಲ್ಲಿ ಅವನು ಸಂಕೋಚದಿಂದ, "ರೇಣುಕಯ್ಯಗಾರೂ, ಇಲ್ಲಿ ಲಕ್ಷ್ಮಯ್ಯನ ಅಂಗಡೀಲಿ ಒಂದು ಗೇಮ್ ಐತಲ್ಲ, ಏಡಿದು. ನಾನು ಆವಾಗಾವಾಗ ಆಡ್ತಾ ಇರ್ತೀನಿ," ಎಂದಾಗ ರೇಣುಕಯ್ಯನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ದೇವರಿದ್ದಾನೆ ಎಂದುಕೊಂಡ. ಕೈ ಹಿಡಿದೇ ಕರೆದುಕೊಂಡು ಹೋದ.

ಕದಿರಯ್ಯ ಆಡತೊಡಗಿದ. ರೇಣುಕಯ್ಯ ಹಿಂದೆ ನಿಂತ. ಒಂದು ನಿಮಿಷ ಕಳೆಯಿತು. ಅವನು ಗಾಜಿನ ಹತ್ತಿರಕ್ಕೆ ಬಗ್ಗಿ ನೋಡಿದ.

ಆ ಜಾಲದ ನಾಲ್ಕು ಮೂಲೆಗಳಲ್ಲಿ ನಾಲ್ಕು ದೊಡ್ಡ ಚುಕ್ಕಿಗಳಿದ್ದವು. ಅವುಗಳಲ್ಲಿ ಒಂದನ್ನು ನುಂಗಿದರೆ ಸ್ವಲ್ಪ ಹೊತ್ತು ಏಡಿಗಳೇ ಹೆದರಿ ಓಡುತ್ತಿದ್ದವು. ಆಗ ಅವನ್ನೂ ನುಂಗಬಹುದು. ರೇಣುಕಯ್ಯ ಅದನ್ನು ಆಪತ್ತಿಗೆ ಮಾತ್ರ ಬಳಸುತ್ತಿದ್ದ. ಈ ಮನುಷ್ಯ ನೇರ ಮೂಲೆಗೆ ನುಗ್ಗಿ ದೊಡ್ಡ ಚುಕ್ಕಿ ನುಂಗಿ ಏಡಿಗಳ ಹಿಂದೆ ಬೀಳುತ್ತಿದ್ದ. ಸಣ್ಣ ಚುಕ್ಕಿಗಳು ಓಣಿ ಓಣಿಯಲ್ಲಿ ಹಾಗೇ ಬಿದ್ದಿದ್ದವು.

"ಚುಕ್ಕಿ! ಚುಕ್ಕಿ ಬಿಟ್ಬಿಟ್ರಿ!"

"ಚುಕ್ಕಿ ಯಾವಾನಿಗೆ ಬೇಕು ಸಾಮಿ? ಈ ನನ್ ಮಕ್ಳನ್ನ ಹಿಡೀಬೇಕು. ಅದ್ರಲ್ಲಿರೋದು ಮಜಾ," ಎಂದ ಕದಿರಯ್ಯ, ಮೃದುವಾಗಿ.

ರೇಣುಕಯ್ಯ ನಾಲ್ಕು ದಿನ ತಡೆದುಕೊಂಡ. ಐದನೆಯ ದಿನ, ಆಟವೆಂದರೆ ಒಂದು ಶಿಸ್ತು ಎಂದು ಬೋಧಿಸಿದ. ಕದಿರಯ್ಯ ನಕ್ಕು, "ನೀವು ಆಡೋದು ಆಟ ಅಲ್ಲ, ಕಸ ಗುಡಿಸೋದು," ಎಂದ. ಆರನೆಯ ದಿನದಿಂದ ಆ ಬಸ್ಸಿನಲ್ಲೂ ವಿಸಲ್ ಮಾತ್ರ ಉಳಿಯಿತು. ಕಾರು ಪಾರ್ಟಿಯವನ ಮೇಲೆ ರೇಣುಕಯ್ಯನಿಗಿದ್ದದ್ದು ಸಿಟ್ಟು. ತನ್ನದೇ ಆಟವನ್ನು ಹೀಗೆ ಆಡುವವನ ಮೇಲೆ ಹುಟ್ಟಿದ್ದು ಹೇಸಿಗೆ. ದೂರದ ದೇವರನ್ನು ಪೂಜಿಸುವವನನ್ನು ಸಹಿಸಬಹುದು. ತನ್ನ ದೇವರಿಗೇ ಉಲ್ಟಾ ಮಂಗಳಾರತಿ ಎತ್ತುವವನನ್ನು ಸಹಿಸುವುದು ಯಾವ ಧರ್ಮದಲ್ಲೂ ಇಲ್ಲ.

ಎರಡು ಬಸ್ಸುಗಳೂ ಮಧ್ಯಾಹ್ನ ಸಿರಾದಲ್ಲಿ ಹತ್ತು ನಿಮಿಷ ಎದುರುಬದುರಾಗುತ್ತಿದ್ದವು. ಒಂದೂಕಾಲು ವರ್ಷ ರೇಣುಕಯ್ಯ ಆ ಹತ್ತು ನಿಮಿಷ ಬಸ್ಸಿನ ಆ ಪಕ್ಕ ನಿಂತು ಕಳೆದ, ಯತ್ತಪ್ಪ ಈ ಪಕ್ಕ. ಯತ್ತಪ್ಪನಿಗೆ ಸಿಕ್ಕಿದ್ದ ಹೊಸ ಕಂಡಕ್ಟರ್ ವಿಡಿಯೋ ಗೇಮ್ ಅಂದರೇನೆಂದೇ ಅರಿಯದವನು. ಸದಾ ತನ್ನ ಮೂಲವ್ಯಾಧಿಯ ಬಗ್ಗೆ ಮಾತಾಡುವನೆಂದು ಸುದ್ದಿ ಬಂತು. ರೇಣುಕಯ್ಯ ಸಂತೋಷಪಡಲು ಪ್ರಯತ್ನಿಸಿದ, ಆಗಲಿಲ್ಲ.

ಎಂಬತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಲಕ್ಷ್ಮಯ್ಯನ ಮೆಷಿನ್ನಿನ ಗಾಜು ಒಂದು ದಿನ ಬೆಳಗಲೇ ಇಲ್ಲ. ರಿಪೇರಿಗೆ ಬೆಂಗಳೂರಿಗೆ ಒಯ್ಯಬೇಕು ಎಂದರು. ಲಕ್ಷ್ಮಯ್ಯ ಒಳಗಿನದನ್ನೆಲ್ಲ ಕಿತ್ತು ಗುಜರಿಗೆ ಹಾಕಿ ಪೆಟ್ಟಿಗೆಯಲ್ಲಿ ಸೈಕಲ್ ಟ್ಯೂಬು ಇಡತೊಡಗಿದ. ಅದೇ ತಿಂಗಳು ಬುಡನ್ ಸಾಬರೂ ಕಾರಿನ ಮೆಷಿನ್ ವಾಪಸು ಕಳಿಸಿ ಬಾಕ್ಸಿಂಗಿನದು ತಂದರು. ಎರಡು ಹಿಡಿಕೆ, ಎರಡು ಕಡೆ ಗುಂಡಿಗಳು. ಚಡ್ಡಿ ಹಾಕಿದ ಇಬ್ಬರು ದಾಂಡಿಗರು ಗಾಜಿನೊಳಗೆ ಒಬ್ಬರ ಮುಖ ಒಬ್ಬರು ಜಜ್ಜುವ ಆಟ. ಸ್ಕೂಲು ಮಕ್ಕಳು ಇರುವೆಯಂತೆ ಮುತ್ತಿದ್ದರು.

ಅಂದು ಅಂಗಡಿಯ ಮುಂದೆ ರೇಣುಕಯ್ಯ ನಿಂತು ನೋಡುತ್ತಿದ್ದಾಗ ಪಕ್ಕದಲ್ಲಿ ಇನ್ನೊಬ್ಬರು ಬಂದು ನಿಂತರು. ತಿರುಗಿ ನೋಡಬೇಕಿರಲಿಲ್ಲ, ಡೀಸೆಲ್ಲಿನ ಜೊತೆ ಬೀಡಿಯ ವಾಸನೆ.

"ಇದೂ ಒಂದು ಆಟಾನ?" ಎಂದ ಯತ್ತಪ್ಪ, ಗಾಳಿಗೆ ಹೇಳುವಂತೆ.

"ಹೊಡೆದಾಟ," ಎಂದ ರೇಣುಕಯ್ಯ, ಅದೇ ಗಾಳಿಗೆ. "ಬುದ್ಧಿ ಬೇಕಾ, ಏನಾದ್ರೂ ಬೇಕಾ?"

"ಕೈಗ್ ಸಿಕ್ಕಿದ್ ಗುಂಡಿ ಒತ್ತೋದು. ನಮ್ ಕಾಲ್ದಾಗೆ ಹಿಂಗಿರ್ಲಿಲ್ಲ."

ಅವರ ಕಾಲ ಮುಗಿದು ಹದಿನೈದು ದಿನವಾಗಿತ್ತು. "ಇಲ್ಲ," ಎಂದ ರೇಣುಕಯ್ಯ, "ನಮ್ ಕಾಲ್ದಲ್ಲಿ ಆಟ ಅಂದ್ರೆ ಆಟ ಆಗಿತ್ತು."

ಪ್ರೀತಿಯಿಂದಾಗದ ಕೆಲಸ ತಿರಸ್ಕಾರದಿಂದ ಆಯಿತು. ಅಂದಿನಿಂದ ದಿನವೂ ಆ ಹತ್ತು ನಿಮಿಷ ಇಬ್ಬರೂ ಸಾಬರ ಅಂಗಡಿಯ ಮುಂದೆ ಟೀ ಕುಡಿಯುತ್ತಾ ಬಾಕ್ಸಿಂಗನ್ನು ಬೈದರು. ಇಷ್ಟು ಸುಖವಾಗಿ ಅವರು ಚುಕ್ಕಿ ಆಟವನ್ನೂ ಹೊಗಳಿರಲಿಲ್ಲ. ಸಾಬರಿಗೆ ಮಾತ್ರ ಸಾಕಾಗಿತ್ತು. "ಆಡೋದಿಲ್ಲ, ಹೋಗೋದೂ ಇಲ್ಲ. ಕ್ಯಾ ಗಿರಾಕಿ ಹೈ ಭಾಯಿ!" ಎಂದು ನಿಟ್ಟುಸಿರಿಡುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ದಿನ ಕದಿರಯ್ಯ ಬಸ್ಸನ್ನು ಕಾಲು ಗಂಟೆ ಮುಂಚೆಯೇ ಸಿರಾಕ್ಕೆ ತಂದ. ಯತ್ತಪ್ಪನ ಬಸ್ಸೂ ಅಂದು ಬೇಗ ಬಂದು ನಿಂತಿತ್ತು. ಸ್ಕೂಲು ಬಿಟ್ಟಿರಲಿಲ್ಲ, ಅಂಗಡಿಯಲ್ಲಿ ಮಕ್ಕಳಿರಲಿಲ್ಲ. ರೇಣುಕಯ್ಯ ಒಳಗೆ ಬಗ್ಗಿ ನೋಡಿದ. ಖಾಕಿ ಷರ್ಟಿನ ಅಗಲವಾದ ಬೆನ್ನೊಂದು ಮೆಷಿನ್ನಿಗೆ ಅಂಟಿಕೊಂಡು ನಿಂತಿತ್ತು. ಹೆಗಲು ಎಡಕ್ಕೂ ಬಲಕ್ಕೂ ಜಗ್ಗುತ್ತಿತ್ತು. "ತಗಾ! ತಗಾ ಬಡ್ಡೀಮಗನೆ!" ಎಂದು ಯತ್ತಪ್ಪ ಹಲ್ಲು ಕಚ್ಚಿ ಗುಂಡಿ ಒತ್ತುತ್ತಿದ್ದ. ಅವನ ಮೈಯೆಲ್ಲ ಬೆವೆತಿತ್ತು; ಇದು ಮೊದಲ ದಿನದ ಬೆವರಲ್ಲ, ಪಳಗಿದವನದು.

ರೇಣುಕಯ್ಯ ಬಾಗಿಲಲ್ಲೇ ನಿಂತ. ಎರಡು ತಿಂಗಳು ತಮ್ಮಿಬ್ಬರನ್ನು ಒಟ್ಟಿಗೆ ಕೂರಿಸಿದ್ದ ಬೈಗುಳವೆಲ್ಲ ಸುಳ್ಳೆಂದು ತಿಳಿದಾಗ ಬರಬೇಕಾದ ಸಿಟ್ಟಿಗಾಗಿ ಒಂದು ಗಳಿಗೆ ಕಾದು ನೋಡಿದ. ಅದು ಬರಲಿಲ್ಲ. ತಿರುಗಿ ಹೋಗಿ ಬಸ್ಸಿನ ಆ ಪಕ್ಕ ನಿಲ್ಲಬಹುದಿತ್ತು. ಇನ್ನೊಂದು ಒಂದೂಕಾಲು ವರ್ಷ ಅದಕ್ಕೆ ಸಲೀಸಾಗಿ ಹಿಡಿಯುತ್ತಿತ್ತು.

ಸಾಬರ ಕಡೆ ಕೈ ಚಾಚಿ ಒಂದು ಬಿಲ್ಲೆ ಇಸಿದುಕೊಂಡ. ಹೋಗಿ ಪಕ್ಕದ ಹಿಡಿಕೆ ಹಿಡಿದ.

ಯತ್ತಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಬೆಚ್ಚಿದ. "ಏನಿಲ್ಲ ಕಣಯ್ಯ... ಎಷ್ಟು ಕೆಟ್ಟದಾಗೈತೆ ಅಂತ ನೋಡಾಣ ಅಂತ..."

"ನಾನೂ ಅಷ್ಟೇ," ಎಂದ ರೇಣುಕಯ್ಯ. "ಇದ್ರಲ್ಲಿ ಒದೆಯೋದು ಯಾವ ಗುಂಡಿ?"

ಮೂರು ಸುತ್ತು ಆಡಿದರು. ಮೂರರಲ್ಲೂ ಯತ್ತಪ್ಪ ಅವನನ್ನು ನೆಲಕ್ಕೆ ಹಾಕಿದ. ಹೊರಗೆ ಎರಡೂ ಬಸ್ಸಿನ ಜನ ಕೂಗುತ್ತಿದ್ದರು. ಕದಿರಯ್ಯ ಹಾರನ್ ಮೇಲೆ ಕೈಯಿಟ್ಟು ತೆಗೆದಿರಲಿಲ್ಲ. ರೇಣುಕಯ್ಯ ಬೆವರು ಒರೆಸಿಕೊಳ್ಳುತ್ತಾ ತನ್ನ ಕಡೆಯ ಗುಂಡಿ ಸಡಿಲವಾಗಿದೆಯೆಂದು ಸಾಬರಿಗೆ ಖಂಡಿತವಾಗಿ ಹೇಳಿ, ಸೋತವನ ಹಕ್ಕೆಂದು ಇನ್ನೊಂದು ಬಿಲ್ಲೆ ಕೇಳಿದ.